ಮೋಟಾರು ಕಾರಿನ ಮೈಗೆ ಅಂಟಿದ ಕಲೆಗಳು

ತಿಕ್ಕಿದಷ್ಟೂ ಪಾತ್ರೆಯು ಬೆಳಗುವುದೆಂಬುದು ನಮ್ಮ ಮನೆಗಳಲ್ಲಿ ಹಿರಿಯರಿಂದ ಬಂದಿರುವ ತಿಳಿವಳಿಕೆ. ಹಿತ್ತಾಳೆಯ ಚೊಂಬನ್ನು ಹುಣಿಸೆಹಣ್ಣು ಬೂದಿಗಳಿಂದ ಐವತ್ತು ವರ್ಷ ತಿಕ್ಕಿದರೂ ಮೇಲಿರುವುದು ಹಿತ್ತಾಳೆ, ಒಳಗಿರುವುದೂ ಹಿತ್ತಾಳೆಯೇ. ಆದಕಾರಣ ಅದರ ಕಾಂತಿಗೆ ಕುಂದಿಲ್ಲ. ಇದೇ ತಿಳಿವಳಿಕೆಯನ್ನು ಮೋಟಾರು ಕಾರಿಗೂ ಅನ್ವಯಿಸಿದರೆ ಮಾತ್ರ ಅನರ್ಥವು ತಪ್ಪದು. ನಮ್ಮ ಕೃಷ್ಣರಾಜಪೇಟೆಯ ಸೀಮೆಯಲ್ಲಿ ಕಬ್ಬಿನ ಹಣಕ್ಕೆ ಬ್ಯಾಂಕಿನ ಸಾಲವನ್ನು ಕೂಡಿಸಿ ಕಾರು ಕೊಂಡ ಗೃಹಸ್ಥರು ಬಹುಮಂದಿ ಇದ್ದಾರೆ. ಬಾಗಿಲಿಗೆ ಸಿಡಿದ ನಾಲ್ಕು ಡಾಂಬರಿನ ಚುಕ್ಕೆಗಳನ್ನು ತೆಂಗಿನ ನಾರಿನಿಂದ ತಿಕ್ಕಿ, ಚುಕ್ಕೆಯ ಜತೆಗೆ ಹೊಳಪನ್ನೂ ಕಳೆದುಕೊಂಡು, ಸಾಲ ತೀರುವ ಮೊದಲೇ ಬಾಗಿಲಿಗೆ ಮರಳಿ ಬಣ್ಣ ಹೊಡೆಸುವ ಕಷ್ಟಕ್ಕೆ ಸಿಕ್ಕಿದವರೂ ಇದ್ದಾರೆ. ಆದಕಾರಣ ಈ ತಿಂಗಳು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಬಣ್ಣದ ಸ್ವರೂಪವನ್ನು ಅರಿಯತಕ್ಕದ್ದು. ಈಗಿನ ಕಾರಿನ ಲೋಹದ ತಗಡಿನ ಮೇಲೆ ತುಕ್ಕು ಹಿಡಿಯದಂತೆ ಕಾಯುವ ಪದರ, ಅದರ ಮೇಲೆ ವರ್ಣದ ಪದರ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಇನ್ನೊಂದು ಪದರ ಇರುವುವು. ಈ ಕಡೆಯದನ್ನು ಬಣ್ಣದ ಕೆಲಸದವರು ಕ್ಲಿಯರ್ ಕೋಟ್ ಎನ್ನುವರು. ನಾವು ಮೆಚ್ಚುವ ಹೊಳಪೆಲ್ಲವೂ ಇದರದೇ. ಇದರ ದಪ್ಪವಾದರೋ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು. ಇಷ್ಟು ತೆಳುವಾದ ಚರ್ಮದ ಮೇಲೆ ಬಲಪ್ರಯೋಗವು ಸಲ್ಲದು. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳಿರುತ್ತವೆ. ಅವು ಗಾಜನ್ನೇ ಗೀರಬಲ್ಲವು. ಒಣಬಟ್ಟೆಯಿಂದ ಧೂಳೊರೆಸುವವನು ತನಗೆ ತಿಳಿಯದೆಯೇ ಮರಳುಕಾಗದದಿಂದ ಉಜ್ಜುತ್ತಿರುತ್ತಾನೆ.

ನೀತಿಶಾಸ್ತ್ರದಲ್ಲಿ ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳನ್ನು ಹೇಳಿದೆಯಷ್ಟೆ. ಸೌಮ್ಯವಾದುದು ಮೊದಲು, ಉಗ್ರವಾದುದು ಕಡೆಗೆ ಎಂಬುದು ಅಲ್ಲಿಯ ಕ್ರಮ. ಕಲೆ ತೆಗೆಯುವಲ್ಲಿಯೂ ಕ್ರಮವು ಇದೇ. ನೀರೆಂಬುದು ಸಾಮ, ಸಾಬೂನಿನ ನೊರೆಯು ದಾನ, ಕಲೆಗೂ ಬಣ್ಣಕ್ಕೂ ಇರುವ ಬಂಧವನ್ನು ಬಿಡಿಸುವ ದ್ರವವು ಭೇದ, ಉಜ್ಜಿ ಸವೆಸುವ ಪಾಲಿಷು ದಂಡ. ದಂಡಕ್ಕೆ ಹೋಗುವ ಮೊದಲು ಉಳಿದ ಮೂರನ್ನೂ ತಾಳ್ಮೆಯಿಂದ ಪ್ರಯೋಗಿಸಬೇಕು. ಯಾವ ಕಲೆಗೆ ಯಾವ ಉಪಾಯವೆಂಬುದನ್ನು ತಿಳಿಯಬೇಕಾದರೆ ಆ ಕಲೆಯ ಹುಟ್ಟನ್ನು ವಿಚಾರಿಸಬೇಕು.

ನೀರಿಗೆ ಸೋಲುವ ಕಲೆಗಳು ಜನರು ಎಣಿಸಿರುವುದಕ್ಕಿಂತ ಹೆಚ್ಚು. ಮಾವು ಹೂ ಬಿಟ್ಟಾಗ ಮರದಡಿಯ ಕಾರಿನ ಮೇಲೆ ಅಂಟಂಟಾದ ಹನಿಗಳು ಬೀಳುತ್ತವೆ. ಮರದ ಹಾಲೆಂದು ಅನೇಕರು ತಿಳಿಯುವ ಇದು ವಾಸ್ತವವಾಗಿ ಹೂಗೊಂಚಲಿನ ರಸವನ್ನು ಹೀರುವ ಜಿಗಿಹುಳುಗಳು ವಿಸರ್ಜಿಸಿದ ಸಕ್ಕರೆಯ ನೀರು. ಸಕ್ಕರೆಯನ್ನು ಕರಗಿಸುವುದಕ್ಕೆ ಉಗುರುಬೆಚ್ಚಗಿನ ನೀರು ಸಾಲದೆ? ಬೇವು ಜಾಲಿಗಳ ಗೋಂದೂ ನೀರಿನಲ್ಲಿ ನೆನೆದು ಮೆತ್ತಗಾಗುವಂಥದು. ಆಲೆಮನೆಯ ಹೊಗೆಯಿಂದ ಹಾರಿ ಬಂದ ಮಸಿಯನ್ನು ಒರೆಸಕೂಡದು. ಮೇಲಿನಿಂದ ಧಾರಾಳವಾಗಿ ನೀರು ಹೊಯ್ದು ಹರಿಸಬೇಕು.

ಹಕ್ಕಿಯ ಹಿಕ್ಕೆಯ ವಿಷಯದಲ್ಲಿ ವಿಳಂಬವೇ ದೊಡ್ಡ ಶತ್ರು. ರಂಗನತಿಟ್ಟನ್ನು ನೋಡಲು ಹೋದವರು ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಮನೆಗೆ ಬಂದು ನಾಲ್ಕು ದಿನ ಅದನ್ನು ಮರೆತರೆ, ಹಿಕ್ಕೆ ಹೋದ ಮೇಲೂ ಅದರ ಗುರುತು ಉಳಿಯುವುದುಂಟು. ಬಿಸಿಲಿನಲ್ಲಿ ಮೇಲ್ಪದರವು ಕಾದು ಕೊಂಚ ಮೆತ್ತಗಾಗುವುದು. ಹಿಕ್ಕೆಯಾದರೋ ಒಣಗಿ ಗಟ್ಟಿಯಾಗುವುದು. ಪದರವು ಆರಿ ಬಿಗಿಯುವಾಗ ಆ ಒರಟು ಮೈಯ ಅಚ್ಚನ್ನೇ ತಳೆಯುವುದು. ಇದಕ್ಕೆ ಉಪಾಯವು ಸುಲಭ. ನೆನೆಸಿದ ಬಟ್ಟೆಯೊಂದನ್ನು ಅದರ ಮೇಲೆ ಹತ್ತು ನಿಮಿಷ ಹಾಸಿಡಿ. ಮೆತ್ತಗಾದ ಮೇಲೆ ಉಜ್ಜದೆ, ಎತ್ತಿ ತೆಗೆಯಿರಿ.

ನೀರಿಗೂ ನೊರೆಗೂ ಜಗ್ಗದ ಕಲೆಗಳಿಗೆ ಭೇದೋಪಾಯವು ಬೇಕು. ಹಲಸಿನ ಹಣ್ಣು ಬಿಡಿಸುವ ಮುನ್ನ ನಮ್ಮ ತಾಯಂದಿರು ಕೈಗೆ ಎಣ್ಣೆ ಸವರಿಕೊಳ್ಳುವುದು ಏತಕ್ಕೆ? ಮೇಣವು ನೀರಿಗೆ ಬಗ್ಗದು, ಎಣ್ಣೆಗೆ ಬಗ್ಗುವುದು. ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆಯೂ ಹೌದು, ಪ್ರೀತಿಯೂ ಹೌದು. ಡಾಂಬರೂ ಕಲ್ಲೆಣ್ಣೆಯ ಕುಲಕ್ಕೆ ಸೇರಿದ್ದರಿಂದ ಎಣ್ಣೆಗೇ ಬಗ್ಗುವುದು. ಹೊಸ ರಸ್ತೆಯಲ್ಲಿ ಸಿಡಿದ ಡಾಂಬರಿನ ಚುಕ್ಕೆಗೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಬಹುಮಟ್ಟಿಗೆ ಸಡಿಲುವುದು. ಹಳೆಯ ಚುಕ್ಕೆಯಾದರೆ ಮೆತ್ತನೆಯ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆಯನ್ನೋ, ಇದಕ್ಕೆಂದೇ ಮಾರುವ ದ್ರವವನ್ನೋ ತಗುಲಿಸಿ, ಚುಕ್ಕೆಯ ಮೇಲೆ ಒತ್ತಿ ಹಿಡಿದು, ಕರಗಿದ ಮೇಲೆ ಒರೆಸಿ, ಕೂಡಲೇ ಸಾಬೂನು ನೀರಿನಿಂದ ತೊಳೆಯತಕ್ಕದ್ದು. ಒಲೆ, ದೀಪ, ಬೀಡಿಗಳು ಹತ್ತಿರ ಸುಳಿಯಕೂಡದು.

ಪೆಟ್ರೋಲನ್ನೂ ತಿನ್ನರನ್ನೂ ಮಾತ್ರ ಮುಟ್ಟಬೇಡಿರಿ. 1920ರ ದಶಕದಲ್ಲಿ ಅಮೆರಿಕದಿಂದ ಹರಡಿದ ನೈಟ್ರೋಸೆಲ್ಯುಲೋಸ್ ಬಣ್ಣವು ದ್ರಾವಕವು ಆರಿದಾಗ ಒಣಗುವಂಥದು. ತಿನ್ನರು ತಗುಲಿದರೆ ಮತ್ತೆ ಕರಗುವಂಥದು. ಉಗುರಿನ ಬಣ್ಣವು ಅಸಿಟೋನಿಗೆ ಕರಗುವುದೂ ಇದೇ ನ್ಯಾಯದಿಂದ. ಈಗಿನ ಕಾರ್ಖಾನೆಯ ಬಣ್ಣವು ಅದಕ್ಕಿಂತ ಗಟ್ಟಿಯಾದರೂ, ಹಳೆಯ ಕಾರಿಗೆ, ಊರಿನ ಗ್ಯಾರೇಜಿನಲ್ಲಿ ಮರುಬಣ್ಣ ಕಂಡ ಬಾಗಿಲಿಗೆ ಆ ನಂಬಿಕೆ ಸಲ್ಲದು. ಯಾವ ದ್ರವವನ್ನೇ ಆಗಲಿ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ ನೋಡಿರಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿರಿ.

ಕೊಳವೆ ಬಾವಿಯ ಗಡಸು ನೀರಿನಿಂದ ತೊಳೆದು ಬಿಸಿಲಿಗೆ ಬಿಟ್ಟ ಕಾರಿನ ಮೇಲೆ ಬಿಳಿಯ ಉಂಗುರಗಳು ಮೂಡುತ್ತವೆ. ನೀರು ಆರಿ ಅದರಲ್ಲಿದ್ದ ಸುಣ್ಣದಂಶವು ಉಳಿಯುವುದೇ ಇದಕ್ಕೆ ಕಾರಣ. ಸುಣ್ಣಕ್ಕೆ ಹುಳಿಯೇ ಮದ್ದು. ಬಿಳಿಯ ವಿನೆಗರಿಗೆ ಸಮಭಾಗ ನೀರು ಬೆರೆಸಿ, ನೆರಳಿನಲ್ಲಿ, ಮೈ ತಣ್ಣಗಿರುವಾಗ ಹಚ್ಚಿ, ಒಂದೆರಡು ನಿಮಿಷದಲ್ಲಿ ಚೆನ್ನಾಗಿ ತೊಳೆದುಬಿಡಬೇಕು. ಹುಣಿಸೆಹಣ್ಣಿನ ನಾರು ಸಿಪ್ಪೆಗಳನ್ನು ಇಲ್ಲಿಗೆ ತರಬೇಡಿರಿ. ತೊಳೆದ ಕೂಡಲೇ ಮೆತ್ತನೆಯ ಬಟ್ಟೆಯಿಂದ ನೀರನ್ನು ಹೀರಿಸಿದರೆ ಈ ಉಂಗುರಗಳು ಹುಟ್ಟುವುದೇ ಇಲ್ಲ.

ಇನ್ನು ಕಣ್ಣಿಗೆ ಕಾಣದ ಅಂಟು. ಅಕ್ಕಿಹೆಬ್ಬಾಳು, ಪಾಂಡವಪುರ ಮುಂತಾದ ರೈಲ್ವೆ ಸ್ಟೇಷನ್ನುಗಳ ಬಳಿ ದಿನವೂ ಕಾರು ನಿಲ್ಲಿಸುವವರ ಬಣ್ಣದಲ್ಲಿ ಗಾಲಿ ಕಂಬಿಗಳಿಂದ ಹಾರಿದ ಕಬ್ಬಿಣದ ಪುಡಿಯು ನಾಟಿಕೊಂಡು, ತುಕ್ಕಿನ ಚುಕ್ಕೆಗಳಾಗುವುದುಂಟು. ಕಾರಿನ ಬ್ರೇಕಿನಿಂದಲೂ ಇಂಥ ಪುಡಿ ಬರುತ್ತದೆ. ತೊಳೆದ ಕಾರಿನ ಮೇಲೆ, ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿ ನೋಡಿರಿ. ಬರಿಯ ಬೆರಳಿಗೆ ತಿಳಿಯದ ತರಿಯೂ ಆಗ ತಿಳಿಯುವುದು. ಕಬ್ಬಿಣಕ್ಕೆಂದೇ ದೊರೆಯುವ ದ್ರವವು ಕಣಗಳನ್ನು ಕರಗಿಸುತ್ತ ನೇರಳೆ ಬಣ್ಣಕ್ಕೆ ತಿರುಗುವುದು. ಉಳಿದ ತರಿಯನ್ನು ಕ್ಲೇ ಎಂಬ ಕಣಕದಂಥ ಮುದ್ದೆಯಿಂದ, ಮೈಯನ್ನು ಸಾಬೂನು ನೀರಿನಿಂದ ಜಾರುವಂತೆ ಮಾಡಿ, ಹಗುರವಾಗಿ ಎತ್ತಬಹುದು. ಮುದ್ದೆಯು ನೆಲಕ್ಕೆ ಬಿದ್ದರೆ ಮತ್ತೆ ಬಳಸಕೂಡದು. ಅದರಲ್ಲಿ ಮರಳು ಸೇರಿರುತ್ತದೆ.

ಇಷ್ಟಾದರೂ ಕಲೆಯು ಉಳಿದರೆ ಮಾತ್ರ ಪಾಲಿಷು. ಪಾಲಿಷು ಎಂಬುದು ಕಲೆಯನ್ನು ತೆಗೆಯುವುದಕ್ಕಿಂತ ಕಲೆಯ ಸುತ್ತಲಿನ ಪದರವನ್ನು ಸವೆಸಿ ಸಮಮಾಡುವ ಕೆಲಸ. ಪ್ರತಿಯೊಂದು ಸಲವೂ ಆ ತೆಳುವಾದ ಮೂಲಧನದಲ್ಲಿ ಸ್ವಲ್ಪ ಖರ್ಚಾಗುವುದು, ಮರಳಿ ಜಮೆಯಾಗುವುದಿಲ್ಲ. ಅದನ್ನು ಬಲ್ಲವರ ಕೈಗೆ ಒಪ್ಪಿಸುವುದು ಲೇಸು.

ಕಡೆಯದಾಗಿ, ಶುದ್ಧವಾದ ಮೈಗೆ ಮೇಣದ ಲೇಪವನ್ನು ಕೊಟ್ಟಿರಬೇಕು. ಬ್ರೆಜಿಲ್ ದೇಶದ ತಾಳೆಯ ಜಾತಿಯ ಮರದೆಲೆಯಿಂದ ದೊರೆಯುವ ಕಾರ್ನೂಬ ಮೇಣವು ಇದಕ್ಕೆ ಪ್ರಸಿದ್ಧವಾದುದು. ಬಟ್ಟೆ ಒಗೆಯುವ ಪುಡಿಯಲ್ಲಿರುವ ಕ್ಷಾರವು ಈ ಲೇಪವನ್ನು ಕೀಳುವುದರಿಂದ ಕಾರಿಗೆಂದಿರುವ ಸೌಮ್ಯವಾದ ಸಾಬೂನನ್ನೇ ಬಳಸಿರಿ. ಲೇಪವಿರುವ ಮೈಗೆ ಕಲೆಯು ಹತ್ತಿದರೂ ಬೇರೂರದು. ವಾರಕ್ಕೊಮ್ಮೆ ಎರಡು ಬಕೆಟ್ಟು ನೀರು, ಒಂದು ಮೆತ್ತನೆಯ ಬಟ್ಟೆ, ಅರ್ಧ ಗಂಟೆಯ ಬಿಡುವು ಇವಿಷ್ಟನ್ನು ಕೊಟ್ಟ ಗೃಹಸ್ಥನಿಗೆ ದಂಡೋಪಾಯದ ಪ್ರಸಂಗವೇ ವಿರಳವಾಗಿ ಒದಗುವುದು.