ಹಾಸಿಗೆ ಇದ್ದಷ್ಟು ಪ್ರವಾಸ

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರೂ ಅವರೇ. ಏಪ್ರಿಲ್ ತಿಂಗಳು ಬಂತೆಂದರೆ ಕಾಸರಗೋಡಿನ ಮಧ್ಯಮವರ್ಗದ ಮನೆಗಳಲ್ಲಿ ಈ ಎರಡು ಗಾದೆಗಳ ನಡುವೆ ಜಗಳ ಹತ್ತುತ್ತದೆ. ಮಕ್ಕಳ ಕಣ್ಣು ಊಟಿ, ಮುನ್ನಾರುಗಳ ಚಿತ್ರಗಳ ಮೇಲೆ. ತಂದೆತಾಯಿಯರ ಕಣ್ಣು ಜೂನ್ ತಿಂಗಳ ಶಾಲೆಯ ಖರ್ಚಿನ ಮೇಲೆ. ಕೊನೆಗೆ ಕೆಲವರು ಸಾಲಮಾಡಿ ಹೊರಡುತ್ತಾರೆ, ಹಲವರು ಮನೆಯಲ್ಲೇ ಉಳಿಯುತ್ತಾರೆ. ಸಾಲದ ಕಂತು ಮಳೆಗಾಲದುದ್ದಕ್ಕೂ ಕಾಡುತ್ತದೆ. ಎಲ್ಲಿಗೂ ಹೋಗದ ರಜೆಯ ಕೊರಗು ಮಕ್ಕಳಲ್ಲಿ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಇವೆರಡರ ನಡುವೆಯೂ ಒಂದು ದಾರಿಯಿದೆ. ಯಾವಾಗ ಹೋಗಬೇಕು, ಎಷ್ಟು ಊರು ನೋಡಬೇಕು, ಯಾರೊಡನೆ ಕಳೆಯಬೇಕು ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಿಕೊಂಡರೆ ವೆಚ್ಚ ತಗ್ಗುತ್ತದೆ, ಸಂತೋಷ ತಗ್ಗುವುದಿಲ್ಲ.

ಮೊದಲನೆಯದು ಕಾಲದ ಪ್ರಶ್ನೆ. ಗಡಿಯ ಆಚೆ ದಸರೆಗೆ ದೀರ್ಘ ರಜೆ. ಈಚೆ ಓಣಂಗೆ ಸುಮಾರು ಹತ್ತು ದಿನಗಳ ರಜೆ. ಬೇಸಿಗೆಯೊಂದೇ ಎರಡೂ ಕಡೆಗೆ ಸಮಾನ. ಎಲ್ಲರೂ ಮೇ ತಿಂಗಳಲ್ಲೇ ಹೊರಡುವುದರಿಂದ ವಸತಿಗೃಹಗಳ ಬಾಡಿಗೆ ಏರುವುದೂ ಆಗಲೇ. ಆದರೆ ಓಣಂ ರಜೆಯಲ್ಲಿ ಕರ್ನಾಟಕದ ಶಾಲೆಗಳು ನಡೆಯುತ್ತಿರುತ್ತವೆ. ಚೌತಿಯ ದಟ್ಟಣೆಯ ದಿನಗಳನ್ನು ಬಿಟ್ಟರೆ ಅಲ್ಲಿನ ಪ್ರವಾಸಿ ತಾಣಗಳಲ್ಲಿ ನೂಕುನುಗ್ಗಲು ಕಡಿಮೆ. ಜೋಗವನ್ನೇ ನೋಡಬಹುದು. ಶರಾವತಿಯ ನೀರನ್ನು ಲಿಂಗನಮಕ್ಕಿಯ ಅಣೆಕಟ್ಟು ತಡೆದಿರುವುದರಿಂದ ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಹೆಚ್ಚಾಗಿ ಬಂಡೆಯೇ. 253 ಮೀಟರ್ ಎತ್ತರದಿಂದ ನೀರು ಧುಮ್ಮಿಕ್ಕುವುದನ್ನು ಕಾಣಲು ಮಳೆಗಾಲವೇ ಬೇಕು. ಹೆಚ್ಚು ಹಣ ತೆತ್ತು ಒಣಬಂಡೆ ನೋಡುವುದಕ್ಕಿಂತ, ಕಡಿಮೆ ಹಣಕ್ಕೆ ತುಂಬಿದ ಜಲಪಾತ ನೋಡುವುದು ಜಾಣತನ.

ಎರಡನೆಯದು ಊರುಗಳ ಲೆಕ್ಕ. ನಾಲ್ಕು ದಿನಗಳಲ್ಲಿ ಏಳು ಸ್ಥಳ ಎಂಬ ಪ್ರವಾಸದಲ್ಲಿ ಹಣವೆಲ್ಲ ಬಾಡಿಗೆ ವಾಹನಕ್ಕೂ ದಿನಕ್ಕೊಂದು ಕೋಣೆಗೂ ಸೋರುತ್ತದೆ. ಮಕ್ಕಳ ನೆನಪಿನಲ್ಲಿ ಉಳಿಯುವುದು ವಾಂತಿ ಮತ್ತು ನಿದ್ದೆ. ಒಂದೇ ಊರಿನಲ್ಲಿ ನೆಲೆನಿಂತು ಸುತ್ತಲಿನದನ್ನು ನಿಧಾನವಾಗಿ ಕಾಣುವುದು ಅಗ್ಗವೂ ಹೌದು, ಹಿತವೂ ಹೌದು. ಉಡುಪಿ, ಮುರುಡೇಶ್ವರ, ಕುಮಟಾಗಳೆಲ್ಲ ಕೊಂಕಣ ರೈಲುಮಾರ್ಗದಲ್ಲೇ ಇವೆ. ರೈಲಿನ ನಿಯಮ ತಿಳಿದಿರುವುದೂ ಒಂದು ಉಳಿತಾಯ. ಟಿಕೆಟನ್ನು 60 ದಿನ ಮೊದಲೇ ಕಾಯ್ದಿರಿಸಬಹುದು. 5ರಿಂದ 12 ವರ್ಷದೊಳಗಿನ ಮಗುವಿಗೆ ಸ್ಲೀಪರ್ ದರ್ಜೆಯಲ್ಲಿ ಪ್ರತ್ಯೇಕ ಬರ್ತ್ ಕೇಳಿದರೆ ಪೂರ್ಣ ದರ, ಬೇಡವೆಂದರೆ ಅರ್ಧ ದರ. ಹಗಲಿನ ಕಿರುಪಯಣಕ್ಕೆ ಕಾಯ್ದಿರಿಸದ ಬೋಗಿಯೇ ಸಾಕು. ಅಲ್ಲಿನ ಕಿಟಕಿಯ ಸುಖಕ್ಕೆ ಬೇರೆ ಶುಲ್ಕವಿಲ್ಲ.

ದೂರಕ್ಕೆ ಹೋಗಲಾಗದ ವರ್ಷವೂ ವ್ಯರ್ಥವಾಗಬೇಕಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಭಾವನೆ ಕಾಸರಗೋಡಿನಲ್ಲಿ ಬಲವಾಗಿಯೇ ಇದೆ. ಕೆಳದಿಯ ಶಿವಪ್ಪನಾಯಕನ ಹೆಸರಿನೊಡನೆ ಬೆಸೆದುಕೊಂಡ ಬೇಕಲ ಕೋಟೆಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಹತ್ತಿರದ ಮಕ್ಕಳು ಅದನ್ನು ರೈಲಿನಿಂದಷ್ಟೇ ನೋಡಿರುತ್ತಾರೆ. ಪುರಾತತ್ತ್ವ ಇಲಾಖೆಯ ಇಂಥ ತಾಣಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಕುಂಬಳೆಯ ಸಮೀಪ ಅನಂತಪುರದ ಸರೋವರ ದೇವಾಲಯವಿದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಸ್ಮಾರಕ ‘ಗಿಳಿವಿಂಡು’ ಇದೆ. ಪಾರ್ತಿಸುಬ್ಬನ ಈ ನಾಡಿನಲ್ಲಿ ಪತ್ತನಾಜೆಯವರೆಗೆ ಹರಕೆಯ ಬಯಲಾಟಗಳು ನಡೆಯುತ್ತವೆ, ಅವುಗಳಿಗೆ ಟಿಕೆಟಿಲ್ಲ. ಒಂದು ಚಾಪೆ, ಒಂದು ಬುತ್ತಿ, ಒಂದು ರಾತ್ರಿಯ ಜಾಗರಣೆ: ಇಷ್ಟೇ ಬಂಡವಾಳ. ಕೋಟೆಯ ಕಥೆಯನ್ನೋ ಪ್ರಸಂಗದ ಕಥೆಯನ್ನೋ ಹೇಳಬಲ್ಲವರೊಬ್ಬರು ಜೊತೆಗಿದ್ದರೆ ಇವು ಯಾವ ಗಿರಿಧಾಮಕ್ಕೂ ಕಡಿಮೆಯಲ್ಲ. ಐಚ್ಛಿಕ ಕನ್ನಡದ ವಿದ್ಯಾರ್ಥಿಯು ತನ್ನ ಮನೆಯಲ್ಲಿ ವಹಿಸಬಹುದಾದ ಪಾತ್ರವೂ ಇದೇ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಒಂದು ಕಾಲದಲ್ಲಿ ರಜೆಯೆಂದರೆ ಅಜ್ಜಿಯ ಮನೆಯೇ ಆಗಿತ್ತು. ಪುತ್ತೂರು, ಸುಳ್ಯ, ಬಂಟ್ವಾಳಗಳ ಅಜ್ಜಿಮನೆಯಲ್ಲಿ ಎಂಟು ಹತ್ತು ಮಕ್ಕಳು ಸೇರಿ, ಮಾವಿನಮರದ ಕೆಳಗೆ ಆಡುತ್ತ ಜಗಳವಾಡುತ್ತ ಕಳೆದ ಒಂದು ತಿಂಗಳು ಯಾರ ಕಿಸೆಗೂ ಭಾರವಾಗುತ್ತಿರಲಿಲ್ಲ. ಗಡಿನಾಡಿನ ಮಗುವಿಗೆ ಅದರಿಂದ ಮತ್ತೊಂದು ಲಾಭವೂ ಇತ್ತು. ಶಾಲೆಯಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಮಲಯಾಳಂ ಕೇಳುತ್ತ ಬೆಳೆಯುವ ಮಗುವಿಗೆ ಕನ್ನಡವು ಪಾಠವಾಗಿ ಅಲ್ಲ, ಆಟದ ಭಾಷೆಯಾಗಿ, ಬೈಗುಳದ ಭಾಷೆಯಾಗಿ, ಪಿಸುಮಾತಿನ ಭಾಷೆಯಾಗಿ ದೊರೆಯುತ್ತಿದ್ದುದು ಅಲ್ಲಿಯೇ. ಆ ರಜೆ ಮೂರು ದಿನಗಳ ರೆಸಾರ್ಟಿಗೆ ಇಳಿದಾಗ ಖರ್ಚು ಏರಿತು, ಮಾತು ಇಳಿಯಿತು.

ಇಲ್ಲಿ ಒಂದು ಎಚ್ಚರವೂ ಬೇಕು. ನೆಂಟರ ಮನೆಯ ರಜೆ ಬಂದವರಿಗೆ ಅಗ್ಗ. ಆ ಮನೆಯ ಅಡುಗೆಯವಳಿಗೆ ಅಲ್ಲ. ಅಜ್ಜಿಮನೆಯ ಸೊಬಗನ್ನು ಹೊಗಳುವಾಗ, ಹದಿನೈದು ಎಲೆಗಳಿಗೆ ಮೂರು ಹೊತ್ತು ಬಡಿಸಿದ ಅತ್ತೆಯ ಬೆನ್ನುನೋವನ್ನು ಮರೆಯುವುದು ಸುಲಭ. ಒಬ್ಬರ ದುಡಿಮೆಯ ಮೇಲೆ ಇನ್ನೊಬ್ಬರ ಉಳಿತಾಯ ನಿಲ್ಲಬಾರದು. ಅಕ್ಕಿ, ತರಕಾರಿಯ ವೆಚ್ಚವನ್ನು ಹಂಚಿಕೊಳ್ಳುವುದು, ಗಂಡಸರೂ ಮಕ್ಕಳೂ ಅಡುಗೆಮನೆಗೆ ಕೈಹಚ್ಚುವುದು, ಮರುರಜೆಗೆ ಆ ಮನೆಯವರನ್ನು ತಮ್ಮಲ್ಲಿಗೆ ಕರೆಯುವುದು: ಇಷ್ಟು ಆದರೆ ಹಳೆಯ ಪದ್ಧತಿ ಇಂದಿಗೂ ಹೊಂದುತ್ತದೆ.

ಮಿತವ್ಯಯವೆಂದರೆ ಜಿಪುಣತನವಲ್ಲ. ಸಮುದ್ರದ ದಡದಲ್ಲಿ ಮಗು ಕೇಳಿದ ಐಸ್‌ಕ್ರೀಮಿಗೆ ಲೆಕ್ಕ ಹೇಳಿದರೆ ಇಡೀ ಪಯಣವೇ ಕಹಿಯಾಗುತ್ತದೆ. ಕೋಣೆಯಲ್ಲಿ, ವಾಹನದಲ್ಲಿ ಉಳಿಸಿದ್ದನ್ನು ಇಂಥ ಸಣ್ಣ ಸಂತೋಷಗಳಿಗೆ ಧಾರಾಳವಾಗಿ ಬಳಸಬೇಕು. ಇರುವ ಹಣವೆಷ್ಟೆಂದು ಮಕ್ಕಳ ಮುಂದಿಟ್ಟು, ಆಯ್ಕೆಯಲ್ಲಿ ಅವರನ್ನೂ ಸೇರಿಸಿಕೊಂಡರೆ ಹಾಸಿಗೆಯ ಅಳತೆ ಅವರಿಗೂ ತಿಳಿಯುತ್ತದೆ. ಕಾಲು ಚಾಚುವ ಸುಖವನ್ನು ಬಿಟ್ಟುಬಿಡಿ ಎಂದು ಆ ಗಾದೆ ಎಲ್ಲಿಯೂ ಹೇಳಿಲ್ಲ.