ಎದೆಯೊಳಗಿನ ಕರೆಂಟು

ಮಲೆನಾಡಿನಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಮುಂಗಾರು ಬಿರುಸಾದರೆ ಕಳಸ, ಕೊಟ್ಟಿಗೆಹಾರದ ಕಡೆ ಮರ ಬಿದ್ದು, ಕಂಬ ಮುರಿದು ದಿನಗಟ್ಟಲೆ ದೀಪವಿರುವುದಿಲ್ಲ. ಆದರೆ ಆ ಕತ್ತಲಲ್ಲೂ ಲೈನುಮನೆಯ ಕೂಲಿಯಾಳಿನ ಎದೆಯಲ್ಲಿ, ಬಂಗಲೆಯ ಸಾಹುಕಾರರ ಎದೆಯಲ್ಲಿ ಒಂದೊಂದು ಪುಟ್ಟ ವಿದ್ಯುತ್ ಸ್ಥಾವರ ನಡೆಯುತ್ತಲೇ ಇರುತ್ತದೆ. ನಿಮಿಷಕ್ಕೆ 72 ಮಿಡಿತವೆಂದರೆ ದಿನಕ್ಕೆ ಲಕ್ಷಕ್ಕೂ ಮಿಕ್ಕಿತು!

ಹೃದಯದಲ್ಲಿ ನಾಲ್ಕು ಕೋಣೆಗಳು. ಮೇಲಿನವು ಎರಡು ಹೃತ್ಕರ್ಣಗಳು, ಕೆಳಗಿನವು ಎರಡು ಹೃತ್ಕುಕ್ಷಿಗಳು. ಬಲಭಾಗ ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು. ಎಡಭಾಗ ಇಡೀ ಮೈಗೆ ತಳ್ಳಬೇಕು. ಅದಕ್ಕೇ ಎಡ ಹೃತ್ಕುಕ್ಷಿಯ ಗೋಡೆ ದಪ್ಪ. ತಳ್ಳೆಂದು ಅಪ್ಪಣೆ ಕೊಡುವವರು ಯಾರು? ಮಿದುಳಲ್ಲ. ಮಿದುಳು ವೇಗವನ್ನು ಹೆಚ್ಚು ಕಡಿಮೆ ಮಾಡಬಲ್ಲುದಷ್ಟೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಎಸ್.ಎ. ನೋಡ್ ಎಂಬ ಕೋಶಗಳ ಗುಂಪು ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಅಯಾನುಗಳು ಕೋಶದ ಪೊರೆಯ ಒಳಹೊರಗೆ ಓಡಾಡುವುದೇ ಅದರ ಬಂಡವಾಳ. 1907ರಲ್ಲಿ ಇದನ್ನು ವಿವರಿಸಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್. ಫ್ಲ್ಯಾಕ್ ಆಗ ಇನ್ನೂ ವಿದ್ಯಾರ್ಥಿ. ಅವನ ಕಣ್ಣಿಗೆ ಅದು ಮೊದಲು ಬಿದ್ದದ್ದು ಮೋಲ್ ಎಂಬ ನೆಲ ತೋಡುವ ಸಣ್ಣ ಪ್ರಾಣಿಯ ಹೃದಯದಲ್ಲಿ!

ಹೃತ್ಕರ್ಣಗಳನ್ನು ದಾಟಿದ ಸಂಕೇತ ಎ.ವಿ. ನೋಡ್‌ನಲ್ಲಿ ಸುಮಾರು 0.1 ಸೆಕೆಂಡು ತಡೆಯುತ್ತದೆ, ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತ ಹಾಗೆ. ಈ ತಡೆ ಇಲ್ಲದಿದ್ದರೆ ಮೇಲಿನ ರಕ್ತ ಪೂರ್ತಿ ಇಳಿಯುವ ಮೊದಲೇ ಹೃತ್ಕುಕ್ಷಿಗಳು ಹಿಂಡಿಬಿಡುತ್ತಿದ್ದವು. ಆಮೇಲೆ ಸಂಕೇತ ತಂತುಗಳ ಜಾಲದಲ್ಲಿ ಕ್ಷಣಾರ್ಧದಲ್ಲಿ ಹರಡುತ್ತದೆ.

ಚರ್ಮದ ಮೇಲೆ ಈ ವಿದ್ಯುತ್ತು ಸಿಗುವುದು ಸುಮಾರು ಒಂದು ಮಿಲಿವೋಲ್ಟಿನಷ್ಟು. ಅದನ್ನು ಸರಿಯಾಗಿ ಬರೆಯಿಸಿದ ಹಾಲೆಂಡಿನ ಐಂಥೋವನ್‌ಗೆ 1924ರ ನೊಬೆಲ್ ಬಂತು. ಇಸಿಜಿ ಕಾಗದದ ಮೇಲಿನ ಪಿ ಎಂಬ ಸಣ್ಣ ದಿಬ್ಬ ಹೃತ್ಕರ್ಣಗಳದು, ಕ್ಯೂಆರ್‌ಎಸ್ ಎಂಬ ಚೂಪು ಶಿಖರ ಹೃತ್ಕುಕ್ಷಿಗಳದು. ಅವು ಮತ್ತೆ ಸಜ್ಜಾಗುವಾಗ ಮೂಡುವುದು ಟಿ. ಹೃದಯಕ್ಕೇ ರಕ್ತ ಒಯ್ಯುವ ದೊಡ್ಡ ನಾಳವೊಂದು ಹೆಪ್ಪುಗಟ್ಟಿ ಪೂರ್ತಿ ಮುಚ್ಚಿದರೆ ಎಸ್ ಮತ್ತು ಟಿ ನಡುವಿನ ಗೆರೆ ಸಾಮಾನ್ಯವಾಗಿ ಮೇಲೇಳುತ್ತದೆ.

ಮೂಡಿಗೆರೆಯಲ್ಲಿ ನೆಲೆಸಿ ಕನ್ನಡಕ್ಕೆ ವಿಜ್ಞಾನವನ್ನು ಕಥೆಯಂತೆ ಹೇಳಿದ ಪೂರ್ಣಚಂದ್ರ ತೇಜಸ್ವಿಯವರು 2007ರ ಏಪ್ರಿಲ್ 5ರಂದು ಅಲ್ಲಿನ ತೋಟದ ಮನೆಯಲ್ಲೇ ತೀರಿಕೊಂಡರು. ಹೃದಯಾಘಾತ. ಈ ಸೀಮೆಯಲ್ಲಿ ಎದೆ ಹಿಂಡಿದರೆ ‘ಗ್ಯಾಸು’ ಎಂದು ಶುಂಠಿ ಕಷಾಯ ಕುಡಿದು ಮಲಗುವವರೇ ಹೆಚ್ಚು. ಕಾಫಿ ಕುಯ್ಲಿನ ದಿನಗಳಲ್ಲಂತೂ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಕಳಸದಿಂದ ಚಿಕ್ಕಮಗಳೂರು ಸುಮಾರು 90 ಕಿ.ಮೀ., ಬರೀ ತಿರುವುಗಳು. ರಕ್ತ ಸಿಗದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ; ಗಂಟೆ ಕಳೆದಂತೆ ಸಾಯುತ್ತ ಹೋಗುತ್ತದೆ.

ಮನುಷ್ಯ ಘಟ್ಟ ಇಳಿಯುವ ಮೊದಲು ಗೆರೆ ಇಳಿಯಬಹುದಲ್ಲ! ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಇದನ್ನೇ ಮಾಡತೊಡಗಿದರು. ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಚಿತ್ರವನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಸಲಹೆ ಕೊಡುವ ಏರ್ಪಾಡು. ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಜಾಡೂ ಇದೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದ ತಜ್ಞರ ಸಲಹೆ, ಬೇಕಾದರೆ ಅಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು.

ಇನ್ನೊಂದು ಮಾತು. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯಾಘಾತ ಇಲ್ಲವೆಂದಲ್ಲ. ನೋವು ಹೋಗದಿದ್ದರೆ ಸ್ವಲ್ಪ ಹೊತ್ತಿಗೇ ಇನ್ನೊಮ್ಮೆ ತೆಗೆಯುತ್ತಾರೆ, ರಕ್ತದಲ್ಲಿ ಟ್ರೋಪೋನಿನ್ ಪರೀಕ್ಷೆಯನ್ನೂ ಮಾಡುತ್ತಾರೆ. ಅಲ್ಲಿಯವರೆಗೆ ರೋಗಿ ಆಸ್ಪತ್ರೆಯ ಬೆಂಚಿನ ಮೇಲಿರಬೇಕು, ಊರಿಗೆ ಹೋಗುವ ಕೊನೆಯ ಬಸ್ಸಿನಲ್ಲಲ್ಲ.