ಬಿಚ್ಚಿಟ್ಟ ಟ್ರೇಲರಿಗೆ ಬೀಗವೂ ಬೇಕು, ನಂಬರೂ ಬೇಕು

ಟ್ರ್ಯಾಕ್ಟರ್ ಇರುವ ಯಾವ ಊರಿಗೆ ಹೋದರೂ ಒಂದು ನೋಟ ಸಾಮಾನ್ಯ. ಟ್ರ್ಯಾಕ್ಟರ್ ಮನೆಯಂಗಳದಲ್ಲೋ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲೋ ಭದ್ರವಾಗಿರುತ್ತದೆ. ಅದರ ಕೀಲಿಕೈ ಯಜಮಾನರ ಜೇಬಿನಲ್ಲಿರುತ್ತದೆ. ಟ್ರೇಲರ್ ಮಾತ್ರ ಊರ ಹೊರಗಿನ ಕಣದಲ್ಲಿ, ರಸ್ತೆ ಬದಿಯ ಬೇವಿನ ಮರದಡಿಯಲ್ಲಿ, ಇಲ್ಲವೇ ಕಬ್ಬಿನ ಗದ್ದೆಯ ಮಗ್ಗುಲಲ್ಲಿ ಒಂಟಿಯಾಗಿ ನಿಂತಿರುತ್ತದೆ. ಅಂಗಳಕ್ಕೆ ತರಲು ಓಣಿ ಕಿರಿದು ಎಂಬುದು ಒಂದು ಕಾರಣ. ಎಂಜಿನ್ ಇಲ್ಲದ ಈ ಕಬ್ಬಿಣದ ಪೆಟ್ಟಿಗೆಯನ್ನು ಯಾರು ತಾನೇ ಒಯ್ದಾರು ಎಂಬ ಭರವಸೆ ಇನ್ನೊಂದು. ಈ ಭರವಸೆಗೆ ಆಧಾರವಿಲ್ಲ.

ಕಳ್ಳನ ಕಣ್ಣಿನಿಂದ ನೋಡಿದರೆ ಟ್ರ್ಯಾಕ್ಟರಿಗಿಂತ ಟ್ರೇಲರೇ ಸುಲಭದ ತುತ್ತು. ಅದಕ್ಕೆ ಕೀಲಿಯಿಲ್ಲ. ಅದರ ಮುಂದಿನ ಉಂಗುರಕ್ಕೆ ಹೆಚ್ಚುಕಡಿಮೆ ಎಲ್ಲ ಕಂಪನಿಯ ಟ್ರ್ಯಾಕ್ಟರುಗಳೂ ಹೊಂದುತ್ತವೆ. ಹಿಂದಕ್ಕೆ ಬಂದು, ಪಿನ್ ಇಳಿಸಿ, ಸ್ಟ್ಯಾಂಡ್ ಎತ್ತಿದರೆ ಕೆಲಸ ಮುಗಿಯಿತು. ರಾತ್ರಿ ಟ್ರ್ಯಾಕ್ಟರಿನ ಸದ್ದು ಕೇಳಿದರೂ ಊರವರು ಏಳುವುದಿಲ್ಲ. ಯಾರೋ ಕಾರ್ಖಾನೆಗೆ ಕಬ್ಬು ಒಯ್ಯುತ್ತಿರಬೇಕು ಎಂದುಕೊಂಡು ಮಗ್ಗುಲು ಬದಲಿಸುತ್ತಾರೆ. ಬೆಳಗಾಗುವುದರೊಳಗೆ ಟ್ರೇಲರ್ ಎರಡು ತಾಲ್ಲೂಕು ದಾಟಿರುತ್ತದೆ. ಹಿಂಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದ್ದ ಮನೆದೇವರ ಹೆಸರು, ಊರ ಹೆಸರು ಒಂದು ಡಬ್ಬಿ ಬಣ್ಣಕ್ಕೆ ಮಾಯವಾಗುತ್ತವೆ.

ಕಳೆದುಕೊಂಡವನ ಪಾಡು ಬರಿಯ ಟ್ರೇಲರಿನ ಬೆಲೆಗೆ ನಿಲ್ಲುವುದಿಲ್ಲ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾಗುವ ಹೊತ್ತಿಗೆ ಟ್ರೇಲರ್ ಹೋಯಿತೆಂದರೆ ಟ್ರ್ಯಾಕ್ಟರೂ ನಿಂತಂತೆಯೇ. ಬಾಡಿಗೆ ಹೋಯಿತು, ಕಾರ್ಖಾನೆಯಿಂದ ಪಡೆದ ಮುಂಗಡ ತಲೆಯ ಮೇಲೆ ಉಳಿಯಿತು. ಬ್ಯಾಂಕಿನ ಕಂತು ಮಾತ್ರ ಟ್ರೇಲರ್ ಇದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ.

ಕಾವಲಿಗೆ ದೊಡ್ಡ ಖರ್ಚೇನೂ ಬೇಕಿಲ್ಲ. ಮೊದಲನೆಯದಾಗಿ ನಿಲ್ಲಿಸುವ ರೀತಿ. ಟ್ರೇಲರಿನ ಮೂತಿ ರಸ್ತೆಯ ಕಡೆಗಿರಬಾರದು. ಗೋಡೆಗೋ ದಪ್ಪ ಮರಕ್ಕೋ ಮೂತಿ ತಾಗುವಂತೆ ನಿಲ್ಲಿಸಿದರೆ ಬೇರೊಂದು ಟ್ರ್ಯಾಕ್ಟರ್ ಹಿಂದಕ್ಕೆ ಬಂದು ಪಿನ್ ಇಳಿಸಲು ಜಾಗವೇ ಇರುವುದಿಲ್ಲ. ಹತ್ತು ಜನ ಸೇರಿ ಕೈಯಿಂದ ತಳ್ಳಿ ತಿರುಗಿಸಬಹುದಲ್ಲ ಎನ್ನುವಿರಿ. ಅದಕ್ಕೆ ಹತ್ತು ಜನ ಬೇಕು, ಹೊತ್ತು ಬೇಕು, ಸದ್ದೂ ಆಗುತ್ತದೆ. ಕಳ್ಳನಿಗೆ ಬೇಡವಾದುವು ಈ ಮೂರೇ. ಎರಡು ಟ್ರೇಲರ್ ಇರುವವರು ಒಂದರ ಮೂತಿಯನ್ನು ಇನ್ನೊಂದರ ಮೂತಿಗೆ ಎದುರಾಗಿಟ್ಟು ಎರಡೂ ಉಂಗುರಗಳನ್ನು ಸೇರಿಸಿ ಬೀಗ ಹಾಕಬಹುದು.

ಎರಡನೆಯದು ಸರಪಳಿ. ಸರಪಳಿಯನ್ನು ಮೂತಿಯ ಉಂಗುರಕ್ಕಷ್ಟೇ ಸುತ್ತುವುದು ಸಾಲದು. ಅದು ಚಕ್ರದ ತಟ್ಟೆಯ ತೂತಿನಿಂದ ಹೊಕ್ಕು, ಆಕ್ಸಲನ್ನೋ ಚಾಸಿಯನ್ನೋ ಬಳಸಿ, ಮರದ ಬುಡಕ್ಕೋ ಆಳಕ್ಕೆ ಹೂಳಿದ ಕಲ್ಲುಕಂಬಕ್ಕೋ ಬಿಗಿಯಬೇಕು. ಸರಪಳಿಯೂ ಬೀಗವೂ ನೆಲದ ಮೇಲೆ ಬಿದ್ದಿರಬಾರದು. ನೆಲಕ್ಕೆ ತಾಗಿದ ಬೀಗವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆಯುವುದು ಸುಲಭ. ನೇತಾಡುವ ಬೀಗಕ್ಕೆ ಏಟು ಕೂರುವುದಿಲ್ಲ. ದನ ಕಟ್ಟುವ ತೆಳು ಸರಪಳಿ ಈ ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ಬೀಗದ ಮೇಲೆ ಹಳೆಯ ಟ್ಯೂಬಿನ ತುಂಡೊಂದನ್ನು ಇಳಿಬಿಟ್ಟು, ಒಳಗೆ ನಾಲ್ಕು ಹನಿ ಎಣ್ಣೆ ಬಿಡಿ. ತುಕ್ಕು ಹಿಡಿದ ಬೀಗವನ್ನು ಯಜಮಾನನೇ ಬೇಸತ್ತು ಕಿತ್ತೆಸೆಯುತ್ತಾನೆ.

ಹಂಗಾಮು ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಒಂದು ಚಕ್ರ ಬಿಚ್ಚಿ ಮನೆಯೊಳಗಿಟ್ಟು, ಆ ಬದಿಯ ಆಕ್ಸಲ್ ಕೆಳಗೆ ಗಟ್ಟಿಯಾಗಿ ಕಲ್ಲು ಜೋಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಟೈರಿಗೂ ಬಿಸಿಲು ತಪ್ಪುತ್ತದೆ. ಈಗ ಬ್ಯಾಟರಿಯಿಂದ ನಡೆಯುವ ಜಿಪಿಎಸ್ ಸಾಧನಗಳೂ ಬಂದಿವೆ. ಚಾಸಿಯ ಸಂದಿಯಲ್ಲಿ ಅಡಗಿಸಿಟ್ಟರೆ ವಾಹನ ಎಲ್ಲಿದೆಯೆಂದು ಮೊಬೈಲಿನಲ್ಲಿ ಕಾಣುತ್ತದೆ. ಅನುಕೂಲವುಳ್ಳವರು ಹಾಕಿಸಲಿ. ಆದರೆ ಅದಕ್ಕೆ ಚಾರ್ಜು ಬೇಕು, ಸಿಮ್ಮಿಗೆ ಹಣ ಕಟ್ಟಬೇಕು, ನೆಟ್‌ವರ್ಕೂ ಸಿಗಬೇಕು. ಬೀಗಕ್ಕೆ ಬದಲು ಎಂದು ಅದನ್ನು ನಂಬಬಾರದು.

ಬೀಗ ಎಷ್ಟೇ ಗಟ್ಟಿಯಿರಲಿ, ಕಟ್ಟರಿನ ಮುಂದೆ ನಿಲ್ಲುವುದು ಕೆಲವು ನಿಮಿಷ ಮಾತ್ರ. ಅದರಾಚೆಗೆ ಟ್ರೇಲರನ್ನು ಕಾಯುವುದು ಅದರ ಮೇಲಿನ ಗುರುತು. ಎತ್ತಿನ ಗಾಡಿಯ ಕಾಲದಲ್ಲಿ ಗಾಡಿಯ ಚಕ್ರ, ಮೂಕಿ ನೋಡಿ ಇದು ಇಂಥ ಊರಿನ ಬಡಗಿಯ ಕೈಕೆಲಸ ಎಂದು ಹೇಳಬಲ್ಲ ಹಿರಿಯರಿದ್ದರು. ಎತ್ತಿಗೂ ಮುದ್ರೆ ಹಾಕಿಸುತ್ತಿದ್ದರು. ಇಂದಿನ ಟ್ರೇಲರುಗಳೋ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತವೆ. ಇದು ನನ್ನದು ಎಂದರೆ ಠಾಣೆಯಲ್ಲಿ ನಂಬುವವರು ಯಾರು?

ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೆ ತನ್ನದೇ ನೋಂದಣಿ ಸಂಖ್ಯೆ ಇರಬೇಕು. 61ನೇ ಕಲಮಿನ ಪ್ರಕಾರ ಆ ಸಂಖ್ಯೆಯನ್ನು ಟ್ರೇಲರಿನ ಪಕ್ಕದಲ್ಲಿ ಬರೆಸಬೇಕು. ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯೂ ಟ್ರೇಲರಿನ ಮೇಲೆ, ಎರಡು ಟ್ರೇಲರ್ ಇದ್ದರೆ ಕೊನೆಯದರ ಮೇಲೆ, ಕಾಣಿಸಬೇಕು. ನಮ್ಮ ರಸ್ತೆಗಳಲ್ಲಿ ಎಷ್ಟು ಟ್ರೇಲರುಗಳು ಈ ನಿಯಮವನ್ನು ಪಾಲಿಸುತ್ತಿವೆ ಎಂಬುದನ್ನು ಓದುಗರೇ ಬಲ್ಲರು. ಹತ್ತಿರದ ವರ್ಕ್‌ಶಾಪಿನಲ್ಲಿ ಬಿಲ್ಲೂ ಇಲ್ಲದೆ ಮಾಡಿಸಿಕೊಂಡು, ನೋಂದಣಿಯ ಖರ್ಚು ಉಳಿಯಿತೆಂದು ಸಂತೋಷಪಡುವವರು ಬಹಳ. ಹೊಸದು ಕೊಳ್ಳುವಾಗ ಚಾಸಿ ಸಂಖ್ಯೆ, ಮಾರಾಟದ ಪ್ರಮಾಣಪತ್ರ, ರಸ್ತೆಯೋಗ್ಯತಾ ಪ್ರಮಾಣಪತ್ರ ಕೊಡಬಲ್ಲ ತಯಾರಕನಿಂದಲೇ ಕೊಳ್ಳಬೇಕು. ಅವಿಲ್ಲದೆ ನೋಂದಣಿಗೆ ತೊಡಕಾಗುತ್ತದೆ.

ಇದರ ಜೊತೆಗೆ ನಿಮ್ಮದೇ ಒಂದು ಗುಪ್ತ ಗುರುತೂ ಇರಲಿ. ಚಾಸಿ ಸಂಖ್ಯೆಯ ತಗಡನ್ನು ರಿವೆಟ್ ಸಹಿತ ಕಿತ್ತುಬಿಡಬಹುದು. ಚಾಸಿಯ ಒಳಮೈಯಲ್ಲಿ, ಮಲಗಿ ನೋಡಿದರೆ ಮಾತ್ರ ಕಾಣುವ ಕಡೆ, ನಾಲ್ಕು ಅಕ್ಷರವನ್ನು ವೆಲ್ಡಿಂಗಿನಿಂದ ಬರೆಸಿದರೆ ಅದು ಬಣ್ಣಕ್ಕೆ ಪೂರ್ತಿ ಅಡಗುವುದಿಲ್ಲ, ತಿಕ್ಕಿ ತೆಗೆದರೂ ತೆಗೆದ ಗುರುತು ಉಳಿಯುತ್ತದೆ. ಆ ಜಾಗದ, ನಂಬರಿನ, ಹಿಂಬದಿಯ ಫೋಟೋ ತೆಗೆದು ಮನೆಯಲ್ಲಿ ಇಬ್ಬರ ಮೊಬೈಲಿನಲ್ಲಾದರೂ ಇಟ್ಟಿರಬೇಕು.

ಇನ್ನು ಸ್ವಲ್ಪ ಕಹಿಯಾದ ಮಾತು. ಕದ್ದ ಟ್ರೇಲರನ್ನು ಪೇಟೆಯ ವ್ಯಾಪಾರಿ ಕೊಳ್ಳುವುದಿಲ್ಲ. ಗುಜರಿಗೆ ಹೋಗುವ ಕೆಲವನ್ನು ಬಿಟ್ಟರೆ, ಅದನ್ನು ಕೊಳ್ಳುವವನು ಇನ್ನೊಬ್ಬ ರೈತನೇ. ಅರ್ಧ ಬೆಲೆಗೆ ಬಂದಿದೆ, ಕಾಗದ ಆಮೇಲೆ ಕೊಡುತ್ತಾರಂತೆ ಎಂದು ನಂಬಿ ಹಣ ಎಣಿಸುವವನು ನಮ್ಮವನೇ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ ನೋಡಿ ಕೊಳ್ಳುವ ರೈತ ಟ್ರೇಲರಿನ ಆರ್‌ಸಿ ಎಲ್ಲಿ ಎಂದು ಕೇಳದಿರುವುದು ಆಶ್ಚರ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮು ಸರಕು ಸಾಗಣೆಯ ವಾಹನ ಕದ್ದವನಿಗೆ ಏಳು ವರ್ಷದವರೆಗೆ ಸಜೆ ಹೇಳುತ್ತದೆ. ಕದ್ದ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಅದನ್ನು ಪಡೆದವನಿಗೂ 317ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆಯುಂಟು. ಅರ್ಧ ಬೆಲೆಯೇ ಅಂಥ ಕಾರಣ ಎಂದು ಪೊಲೀಸರು ಕೇಳಿದರೆ ಉತ್ತರಿಸುವುದು ಕಷ್ಟ. ಹಳೆಯದನ್ನು ಕೊಳ್ಳುವಾಗ ಆರ್‌ಸಿಯನ್ನೂ ಚಾಸಿ ಸಂಖ್ಯೆಯನ್ನೂ ತಾಳೆ ನೋಡಿ. ಸಾಲವಿದ್ದರೆ ಬ್ಯಾಂಕಿನ ತೀರುವಳಿ ಪತ್ರ ಕೇಳಿ. 29 ಮತ್ತು 30ನೇ ನಮೂನೆಗಳಿಗೆ ಸಹಿ ಆಗುವ ಮುನ್ನ ಪೂರ್ತಿ ಹಣ ಕೊಡಬೇಡಿ.

ಕಳವಾದದ್ದು ತಿಳಿದ ಕೂಡಲೇ 112ಕ್ಕೆ ಕರೆ ಮಾಡಿ. ಎರಡು ದಿನ ನಾವೇ ಹುಡುಕೋಣ ಎಂದು ಕೂರುವುದು ಕಳ್ಳನಿಗೆ ಕೊಟ್ಟ ಅವಕಾಶ. ದೂರು ದಾಖಲಾದ ಮೇಲೆ ಎಫ್‌ಐಆರ್ ಪ್ರತಿಯನ್ನು ದೂರುದಾರನಿಗೆ ಪುಕ್ಕಟೆಯಾಗಿ ಕೊಡಬೇಕೆಂದು ಕಾನೂನಿದೆ, ಕೇಳಿ ಪಡೆಯಿರಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ವಿಮಾ ಕಂಪನಿಗೂ ತಡಮಾಡದೆ ತಿಳಿಸಬೇಕು. ಇಲ್ಲೊಂದು ಎಚ್ಚರಿಕೆ: ಟ್ರ್ಯಾಕ್ಟರಿಗೆ ವಿಮೆ ಇದೆ ಎಂದಮಾತ್ರಕ್ಕೆ ಟ್ರೇಲರಿಗೂ ಇದೆ ಎಂದಲ್ಲ. ಪಾಲಿಸಿಯಲ್ಲಿ ಟ್ರೇಲರನ್ನು ಕಾಣಿಸಿ ಅದಕ್ಕೂ ಕಂತು ಕಟ್ಟಿರಬೇಕು. ಬರೀ ಥರ್ಡ್ ಪಾರ್ಟಿ ವಿಮೆಯಿಂದ ಕಳವಿಗೆ ಕಾಸೂ ಬಾರದು.

ಸಿಕ್ಕ ಟ್ರೇಲರ್ ಮೊಕದ್ದಮೆ ಮುಗಿಯುವವರೆಗೆ ಠಾಣೆಯ ಹಿತ್ತಲಲ್ಲಿ ತುಕ್ಕು ಹಿಡಿಯಬೇಕಿಲ್ಲ. ವಶಪಡಿಸಿಕೊಂಡ ವಾಹನಗಳನ್ನು ಬಹುಕಾಲ ಠಾಣೆಯಲ್ಲಿ ಇಟ್ಟುಕೊಳ್ಳಬಾರದೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ, ಮುಚ್ಚಳಿಕೆ ಬರೆದುಕೊಟ್ಟು, ಬಿಡಿಸಿಕೊಳ್ಳಲು ಅವಕಾಶವಿದೆ. ಆದರೆ ಆಗಲೂ ನ್ಯಾಯಾಲಯ ಮೊದಲು ಕೇಳುವುದು ಆರ್‌ಸಿಯನ್ನೇ.

ಎಲ್ಲ ಹೊರೆಯನ್ನೂ ರೈತನ ಮೇಲೆಯೇ ಹಾಕುವುದು ಸರಿಯಲ್ಲ. ಒಂದು ಟ್ರೇಲರಿನ ನೋಂದಣಿಗಾಗಿ ಜಿಲ್ಲಾ ಕೇಂದ್ರದವರೆಗೆ ಅದನ್ನು ಎಳೆದುಕೊಂಡು ಹೋಗಿ ಇಡೀ ದಿನ ಕಾಯುವುದೆಂದರೆ ಯಾರಿಗಾದರೂ ಬೇಸರವೇ. ಸಾರಿಗೆ ಇಲಾಖೆ ಹಂಗಾಮಿಗೆ ಮುಂಚೆ, ಆಗಸ್ಟ್-ಸೆಪ್ಟೆಂಬರಿನಲ್ಲಿ, ತಾಲ್ಲೂಕಿನ ಎಪಿಎಂಸಿ ಅಂಗಳಗಳಲ್ಲಿ ನೋಂದಣಿ ಶಿಬಿರ ನಡೆಸಲಿ. ಕಾಗದ ಇಲ್ಲದ ಹಳೆಯ ಟ್ರೇಲರುಗಳ ಪರಿಶೀಲನೆಗೆ ಏನು ದಾರಿ ಎಂಬುದನ್ನೂ ಅಲ್ಲಿಯೇ ತಿಳಿಸಲಿ. ಸಕ್ಕರೆ ಕಾರ್ಖಾನೆಗಳು ಪ್ರತಿ ವರ್ಷ ಸಾಗಣೆಯ ಕರಾರು ಬರೆಸಿಕೊಳ್ಳುವಾಗ ಟ್ರ್ಯಾಕ್ಟರಿನ ನಂಬರಿನೊಡನೆ ಟ್ರೇಲರಿನ ನಂಬರನ್ನೂ ಕೇಳತೊಡಗಿದರೆ, ತೂಕದ ಮನೆಯ ಮುಂದೆ ನಂಬರಿಲ್ಲದ ಟ್ರೇಲರ್ ಬಂದು ನಿಲ್ಲುವುದು ಕಡಿಮೆಯಾದೀತು. ಈ ಸಲದ ಕರಾರುಗಳಿಂದಲೇ ಅದನ್ನು ಆರಂಭಿಸಲು ಕಾರ್ಖಾನೆಗಳಿಗೆ ಯಾವ ಅಡ್ಡಿಯೂ ಇಲ್ಲ.